ಲಸಿಕೆಯ ನಂತರದ ಜ್ವರ: ಎಳೆಯ ಮಗುವಿಗೆ ಔಷಧ ಯಾವಾಗ, ಯಾವುದು, ಎಷ್ಟು?

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಮಾಹಿತಿಗಾಗಿ)

ಮಕ್ಕಳಿಗೆ ಲಸಿಕೆ ಹಾಕುವುದು ಆರೋಗ್ಯ ಇಲಾಖೆಯ ಕಾರ್ಯಕ್ರಮ. ಆದರೆ ಗುರುವಾರ ಬೆಳಿಗ್ಗೆ ಅಂಗನವಾಡಿಯಲ್ಲಿ ಚುಚ್ಚುಮದ್ದು ಪಡೆದ ಕೂಸಿಗೆ ಅಂದು ರಾತ್ರಿ ಮೈ ಬಿಸಿಯಾದಾಗ ಮನೆಯವರು ಮೊದಲು ವಿಚಾರಿಸುವುದು ನೆರೆಹೊರೆಯವರನ್ನು, ಅಂಗಡಿಯವರನ್ನು, ಅನೇಕ ವೇಳೆ ವಾರ್ಡಿನ ಸದಸ್ಯರನ್ನು. ಆ ಹೊತ್ತಿನಲ್ಲಿ ದೊರೆಯುವ ಉತ್ತರದಿಂದ ಎರಡು ಸಂಗತಿಗಳು ನಿರ್ಧಾರವಾಗುತ್ತವೆ. ಮೊದಲನೆಯದು, ಮಗುವಿನ ಹೊಟ್ಟೆಗೆ ಹೋಗುವ ಔಷಧದ ಪ್ರಮಾಣ. ಎರಡನೆಯದು, ಆ ತಾಯಿ ಮುಂದಿನ ಲಸಿಕೆಗೆ ಮರಳಿ ಬರುವಳೋ ಇಲ್ಲವೋ ಎಂಬುದು.

ಎರಡನೆಯ ಸಂಗತಿಯನ್ನು ನಾವು ಲಘುವಾಗಿ ಪರಿಗಣಿಸುವಂತಿಲ್ಲ. ಪೆಂಟಾವೇಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಮೂರು ಬಾರಿ ನೀಡಲಾಗುತ್ತದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಹಾಗೂ ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತ, ಈ ಐದರಿಂದ ಅದು ರಕ್ಷಣೆ ನೀಡುತ್ತದೆ. ಒಂದೇ ಬಾರಿ ಪಡೆದು ನಿಲ್ಲಿಸಿದ ಮಗುವಿಗೆ ಈ ರಕ್ಷಣೆ ಪೂರ್ಣವಾಗಿ ದೊರೆಯುವುದಿಲ್ಲ. “ಮೊದಲ ಸಲ ಹಾಕಿಸಿದಾಗ ರಾತ್ರಿಯೆಲ್ಲ ಅತ್ತಿತು, ಇನ್ನು ಬೇಡ” ಎಂಬ ಮಾತು ನಮ್ಮ ಗ್ರಾಮಗಳಲ್ಲಿ ಹೊಸದಲ್ಲ. ಆ ಒಂದು ರಾತ್ರಿಯನ್ನು ನಿಭಾಯಿಸುವ ತಿಳುವಳಿಕೆ ಮನೆಯವರಿಗೆ ಮುಂಚಿತವಾಗಿಯೇ ದೊರೆತಿದ್ದರೆ ಈ ಮಾತು ಹುಟ್ಟುವುದಿಲ್ಲ. ಆದುದರಿಂದ ಈ ವಿಷಯವನ್ನು ಸದಸ್ಯರ ಅವಗಾಹನೆಗೆ ತರಲಾಗುತ್ತಿದೆ.

ಲೇಖಕನು ವೈದ್ಯನಲ್ಲ, ಎಂಜಿನಿಯರಿಂಗ್ ಓದಿ ಪಂಚಾಯತಿ ಸೇವೆಗೆ ಬಂದವನು. ಚಿಕಿತ್ಸೆಯ ತೀರ್ಮಾನ ಯಾವಾಗಲೂ ವೈದ್ಯಾಧಿಕಾರಿಗಳದು ಮತ್ತು ಉಪಕೇಂದ್ರದ ಎ.ಎನ್.ಎಂ. ಅವರದು. ಆ ತೀರ್ಮಾನದ ಹಿಂದಿರುವ ಲೆಕ್ಕವನ್ನು ಸರಳವಾಗಿ ವಿವರಿಸುವುದು ಇಲ್ಲಿನ ಉದ್ದೇಶ.

1. ಜ್ವರ ಮತ್ತು ನೋವು ಏಕೆ ಬರುತ್ತವೆ?

ಲಸಿಕೆಯಲ್ಲಿ ರೋಗಾಣುವಿನ ಸತ್ತ ಅಥವಾ ದುರ್ಬಲಗೊಳಿಸಿದ ರೂಪ, ಇಲ್ಲವೇ ಅದರ ಒಂದು ಭಾಗ ಇರುತ್ತದೆ. ಶರೀರವು ಅದನ್ನು ಗುರುತಿಸಿ ಪ್ರತಿರೋಧಕ್ಕೆ ಸಿದ್ಧವಾಗುವಾಗ ರಕ್ತದಲ್ಲಿ ಕೆಲವು ರಾಸಾಯನಿಕ ಸಂದೇಶಗಳು ಬಿಡುಗಡೆಯಾಗುತ್ತವೆ. ಅವು ಮಿದುಳಿನ ಉಷ್ಣ ನಿಯಂತ್ರಣ ಕೇಂದ್ರವನ್ನು ತಲುಪಿದಾಗ ಮೈಯ ತಾಪ ಸ್ವಲ್ಪ ಏರುತ್ತದೆ. ಸೂಜಿ ಚುಚ್ಚಿದ ತೊಡೆಯಲ್ಲಿ ರಕ್ತಸಂಚಾರ ಹೆಚ್ಚಾಗಿ ಆ ಭಾಗ ಕೆಂಪಾಗಬಹುದು, ಊದಿಕೊಳ್ಳಬಹುದು, ನೋಯಬಹುದು.

ಸರ್ಕಾರಿ ಕಾರ್ಯಕ್ರಮದ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಇಡಿಯಾಗಿ, ಆದರೆ ಸತ್ತ ರೂಪದಲ್ಲಿ ಬಳಸಲಾಗುತ್ತದೆ. ಇಂತಹ ಲಸಿಕೆ ಪಡೆದ ಶಿಶುಗಳಲ್ಲಿ ಅರ್ಧದಷ್ಟು ಮಂದಿಯವರೆಗೂ ಜ್ವರ, ನೋವು ಅಥವಾ ಕಿರಿಕಿರಿ ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಇದು ಲಸಿಕೆಯ ದಿನವೇ ಆರಂಭವಾಗಿ 24ರಿಂದ 48 ಗಂಟೆಗಳೊಳಗೆ ತಾನಾಗಿಯೇ ಇಳಿಯುತ್ತದೆ. ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ “ನೋವಿಲ್ಲದ ಲಸಿಕೆ” ಎಂದು ಕರೆಯಲಾಗುವುದು ನಾಯಿಕೆಮ್ಮಿನ ರೋಗಾಣುವಿನ ಕೆಲವು ಭಾಗಗಳನ್ನಷ್ಟೇ ಒಳಗೊಂಡಿರುತ್ತದೆ. ಅದರಿಂದ ಜ್ವರ ಕಡಿಮೆ. ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಕ್ಷೀಣಿಸುತ್ತದೆ. “ಸರ್ಕಾರಿ ಲಸಿಕೆ ಕೀಳು, ಅದಕ್ಕೇ ಜ್ವರ ಬರುತ್ತದೆ” ಎಂಬ ಅಭಿಪ್ರಾಯಕ್ಕೆ ಆಧಾರವಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: ಜ್ವರ ಬಂದರೆ ಮಾತ್ರ ಲಸಿಕೆ ಹತ್ತಿದಂತೆ ಎಂಬುದು. ಇದೂ ಸರಿಯಲ್ಲ. ಜ್ವರ ಬಾರದ ಮಗುವಿನಲ್ಲಿಯೂ ಲಸಿಕೆ ತನ್ನ ಕೆಲಸ ಮಾಡಿರುತ್ತದೆ.

ಎಲ್ಲ ಲಸಿಕೆಗಳ ಪರಿಣಾಮದ ಕಾಲ ಒಂದೇ ಅಲ್ಲ. 9 ತಿಂಗಳು ತುಂಬಿದಾಗ ನೀಡುವ ದಡಾರ-ರುಬೆಲ್ಲಾ ಲಸಿಕೆಯಿಂದ ಬರುವ ಜ್ವರ ಅಂದೇ ಬರುವುದಿಲ್ಲ. ಸುಮಾರು 6ರಿಂದ 12 ದಿನಗಳ ನಂತರ ಬರಬಹುದು. ಹುಟ್ಟಿದಾಗ ನೀಡುವ ಬಿ.ಸಿ.ಜಿ. ಲಸಿಕೆಯಿಂದ ಕೆಲವು ವಾರಗಳ ಬಳಿಕ ತೋಳಿನಲ್ಲಿ ಸಣ್ಣ ಗುಳ್ಳೆಯಾಗಿ, ಒಡೆದು, ಗುರುತು ಉಳಿಯುತ್ತದೆ. ಅದಕ್ಕೆ ಯಾವ ಔಷಧವೂ ಬೇಡ, ಯಾವ ಲೇಪವೂ ಬೇಡ.

2. ಜ್ವರ ಬರುವ ಮುನ್ನವೇ ಔಷಧ ಕೊಡಬಹುದೇ?

“ಹೇಗೂ ಜ್ವರ ಬರುತ್ತದೆ, ಮೊದಲೇ ಒಂದು ಗುಟುಕು ಕುಡಿಸಿ ಕರೆದುಕೊಂಡು ಹೋಗೋಣ” ಎಂದು ಯೋಚಿಸುವ ಮನೆಗಳಿವೆ. ಇದು ಬೇಡ.

2009ರಲ್ಲಿ ದಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಚೆಕ್ ಗಣರಾಜ್ಯದ 459 ಶಿಶುಗಳ ಅಧ್ಯಯನವೊಂದು ಪ್ರಕಟವಾಯಿತು. ಒಂದು ಗುಂಪಿನ ಮಕ್ಕಳಿಗೆ ಲಸಿಕೆಯೊಂದಿಗೇ ಆರಂಭಿಸಿ ಮೊದಲ 24 ಗಂಟೆಗಳ ಕಾಲ ಪ್ಯಾರಸಿಟಮಾಲ್ ನೀಡಲಾಯಿತು. ಇನ್ನೊಂದು ಗುಂಪಿಗೆ ನೀಡಲಿಲ್ಲ. ಮೊದಲ ಹಂತದ ಲಸಿಕೆಗಳ ನಂತರ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಕಂಡದ್ದು ಔಷಧ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 66. ಜ್ವರವೇನೋ ಕಡಿಮೆಯಾಯಿತು. ಆದರೆ ಔಷಧ ಪಡೆದ ಮಕ್ಕಳ ರಕ್ತದಲ್ಲಿ ಹಲವು ರೋಗಗಳ ವಿರುದ್ಧದ ಪ್ರತಿಕಾಯಗಳ ಮಟ್ಟವೂ ಕಡಿಮೆಯಿತ್ತು. ಹೆಚ್ಚಿನ ಮಕ್ಕಳಿಗೆ ಸಾಕಷ್ಟು ರಕ್ಷಣೆ ದೊರೆತಿತ್ತಾದರೂ, ಅಗತ್ಯವೇ ಇಲ್ಲದ ಔಷಧದಿಂದ ಲಸಿಕೆಯ ಬಲವನ್ನು ತಗ್ಗಿಸುವುದರಲ್ಲಿ ಅರ್ಥವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಲಸಿಕೆಯ ನೋವು ತಗ್ಗಿಸುವ ಕುರಿತು ಹೊರಡಿಸಿದ ನಿಲುವಿನಲ್ಲಿ, ಚುಚ್ಚುಮದ್ದಿಗೆ ಮುನ್ನ ನೋವುನಿವಾರಕ ಔಷಧ ಕುಡಿಸುವುದನ್ನು ಶಿಫಾರಸು ಮಾಡಿಲ್ಲ.

ವಿದೇಶದಲ್ಲಿರುವ ಬಂಧುಗಳು ವಾಟ್ಸ್‌ಆ್ಯಪ್ ಮೂಲಕ ಬೇರೆ ಸಲಹೆ ಕಳುಹಿಸುವುದುಂಟು. ಬ್ರಿಟನ್ನಿನಲ್ಲಿ ಮೆನಿಂಜೈಟಿಸ್-ಬಿ ಎಂಬ ಲಸಿಕೆಯನ್ನು ಎಳೆಯ ಶಿಶುಗಳಿಗೆ ನೀಡುವಾಗ ಪ್ಯಾರಸಿಟಮಾಲನ್ನೂ ಜೊತೆಯಲ್ಲಿಯೇ ಕೊಡುವಂತೆ ಅಲ್ಲಿನ ಆರೋಗ್ಯ ಸೇವೆ ತಿಳಿಸುತ್ತದೆ; ಏಕೆಂದರೆ ಆ ಲಸಿಕೆಯಿಂದ ಜ್ವರ ಹೆಚ್ಚು. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಆ ಲಸಿಕೆಯೇ ಇಲ್ಲ. ಅಲ್ಲಿಯ ಔಷಧದ ಸೀಸೆಯ ಅಳತೆಯೂ ಇಲ್ಲಿಯದಕ್ಕಿಂತ ಬೇರೆ. ಆದುದರಿಂದ ಅಲ್ಲಿಯ ಸಲಹೆಯನ್ನು ಇಲ್ಲಿ ಅನುಸರಿಸುವುದು ಯುಕ್ತವಲ್ಲ.

3. ಔಷಧಕ್ಕಿಂತ ಮೊದಲು ಮಾಡಬೇಕಾದುದು

ಚುಚ್ಚುವ ಹೊತ್ತಿನಲ್ಲಿ ತಾಯಿಯು ಮಗುವನ್ನು ಎದೆಗವಚಿಕೊಂಡು ಹಾಲುಣಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ. ಇದಕ್ಕೆ ಖರ್ಚಿಲ್ಲ, ಬೇಕಾದುದು ಅಂಗನವಾಡಿಯಲ್ಲಿ ತಾಯಿ ಮರೆಯಾಗಿ ಕುಳಿತುಕೊಳ್ಳಲು ಒಂದು ಕುರ್ಚಿ ಮತ್ತು ಒಂದು ಪರದೆ.

ಲಸಿಕೆಯ ನಂತರ 30 ನಿಮಿಷ ಅಲ್ಲಿಯೇ ಕಾದಿರಬೇಕು. ಅಪರೂಪಕ್ಕೆ ಉಂಟಾಗುವ ತೀವ್ರ ಅಲರ್ಜಿ ಸಾಮಾನ್ಯವಾಗಿ ಆ ಅವಧಿಯಲ್ಲಿಯೇ ಕಾಣಿಸಿಕೊಳ್ಳುವುದರಿಂದ ಈ ನಿಯಮ.

ಮನೆಗೆ ಬಂದ ಮೇಲೆ ಪದೇ ಪದೇ ಎದೆಹಾಲು ನೀಡಬೇಕು. ತೆಳುವಾದ ಹತ್ತಿಯ ಬಟ್ಟೆ ತೊಡಿಸಬೇಕು. ಜ್ವರವಿರುವ ಮಗುವಿಗೆ ಕುಲಾವಿ ಹಾಕಿ ಕಂಬಳಿಯಲ್ಲಿ ಸುತ್ತಿದರೆ ತಾಪ ಮತ್ತಷ್ಟು ಏರುತ್ತದೆ. ತೊಡೆ ಊದಿಕೊಂಡಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಆ ಜಾಗದ ಮೇಲೆ ಸ್ವಲ್ಪ ಹೊತ್ತು ಇಡಬಹುದು. ಉಜ್ಜುವುದು, ಕಾವು ಕೊಡುವುದು, ಹರಳೆಣ್ಣೆ, ಸುಣ್ಣ ಅಥವಾ ಅರಿಶಿನ ಹಚ್ಚುವುದು ಬೇಡ. ಮಂಜುಗಡ್ಡೆಯ ನೀರಿನಿಂದ ಮೈ ಒರೆಸುವುದೂ ಬೇಡ. ಆರು ತಿಂಗಳೊಳಗಿನ ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ, ತೇಯ್ದ ಬಜೆ, ಗ್ರೈಪ್ ವಾಟರ್ ಇವುಗಳಲ್ಲಿ ಯಾವುದೂ ಜ್ವರಕ್ಕೆ ಮದ್ದಲ್ಲ. ಕೆಲವು ಭಾಗಗಳಲ್ಲಿ ಇನ್ನೂ ಉಳಿದಿರುವ ಬರೆ ಹಾಕುವ ಪದ್ಧತಿಯು ಮಗುವಿನ ಮೇಲೆ ನಡೆಯುವ ಹಿಂಸೆ. ಅದರಿಂದ ಸೋಂಕು ತಗಲಿ ಜೀವಕ್ಕೇ ಅಪಾಯವಾಗಬಹುದು. ಅಂತಹ ಸಂಗತಿ ಗಮನಕ್ಕೆ ಬಂದಲ್ಲಿ ಸದಸ್ಯರು ಸುಮ್ಮನಿರತಕ್ಕದ್ದಲ್ಲ.

4. ಔಷಧ ಯಾವಾಗ ಅಗತ್ಯ?

ಮಗುವಿನ ಮೈ ಸ್ವಲ್ಪ ಬೆಚ್ಚಗಿದ್ದು, ಅದು ಎಂದಿನಂತೆ ಹಾಲು ಕುಡಿದು ಮಲಗಿದ್ದರೆ ಔಷಧ ಅಗತ್ಯವಿಲ್ಲ. ಥರ್ಮಾಮೀಟರಿನಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದು, ಮಗು ನೋವಿನಿಂದ ಅಥವಾ ತಾಪದಿಂದ ತಳಮಳಿಸುತ್ತಿದ್ದರೆ ಪ್ಯಾರಸಿಟಮಾಲ್ ನೀಡಬಹುದು. ಔಷಧದ ಗುರಿ ಮಗುವಿನ ಸಂಕಟವನ್ನು ತಗ್ಗಿಸುವುದು. ಥರ್ಮಾಮೀಟರಿನ ಅಂಕಿ ಪೂರ್ತಿ ಇಳಿಯುವವರೆಗೂ ಮತ್ತೆ ಮತ್ತೆ ಕುಡಿಸುತ್ತಾ ಹೋಗುವುದು ಗುರಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಮೊದಲ ಪೆಂಟಾವೇಲೆಂಟ್ ಲಸಿಕೆಯನ್ನು 6ನೇ ವಾರದಲ್ಲಿ ನೀಡಲಾಗುತ್ತದೆ. ಆಗ ಮಗುವಿಗೆ ಎರಡು ತಿಂಗಳು ತುಂಬಿರುವುದಿಲ್ಲ. ಎರಡು ತಿಂಗಳೊಳಗಿನ ಶಿಶುವಿನ ಜ್ವರವನ್ನು ಗಂಭೀರ ಸೋಂಕಿನ ಲಕ್ಷಣವಾಗಿರಬಹುದೆಂದೇ ಆರೋಗ್ಯ ಸಿಬ್ಬಂದಿ ಪರಿಗಣಿಸುತ್ತಾರೆ. ಲಸಿಕೆಯ ಮರುದಿನದ ಜ್ವರವೆಲ್ಲ ಲಸಿಕೆಯಿಂದಲೇ ಬಂದದ್ದು ಎಂದು ಮನೆಯವರು ತೀರ್ಮಾನಿಸಿಬಿಟ್ಟರೆ ನಿಜವಾದ ಕಾಯಿಲೆ ಮರೆಯಾಗಿ ಉಳಿಯುವ ಸಂಭವವಿದೆ. ಆದುದರಿಂದ ಈ ವಯಸ್ಸಿನ ಮಗುವಿಗೆ ಮೊದಲ ಬಾರಿ ಔಷಧ ಕುಡಿಸುವ ಮುನ್ನ ಎ.ಎನ್.ಎಂ. ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಫೋನಿನಲ್ಲಾದರೂ ಕೇಳಬೇಕು. ಅವಧಿಗೆ ಮುನ್ನ ಹುಟ್ಟಿದ ಮಗು, 4 ಕೆ.ಜಿ.ಗಿಂತ ಕಡಿಮೆ ತೂಕದ ಮಗು, ಮೊದಲೇ ಬೇರೆ ಕಾಯಿಲೆಯಿರುವ ಮಗು, ಇವರ ವಿಷಯದಲ್ಲಿ ತೀರ್ಮಾನವನ್ನು ವೈದ್ಯರಿಗೇ ಬಿಡಬೇಕು.

5. ಎಷ್ಟು ಕೊಡಬೇಕು? ತೂಕ ಮತ್ತು ಸೀಸೆಯ ಲೆಕ್ಕ

ನಮ್ಮ ಪಂಚಾಯತಿ ವ್ಯಾಪ್ತಿಯ ಒಂದು ಅಂಗನವಾಡಿಯಲ್ಲಿ ಲಸಿಕಾ ದಿನದಂದು, ಮನೆಯಲ್ಲಿರುವ ಜ್ವರದ ಔಷಧವನ್ನೂ ಅದನ್ನು ಕುಡಿಸುವ ಚಮಚವನ್ನೂ ತರುವಂತೆ ತಾಯಂದಿರನ್ನು ಕೋರಲಾಗಿತ್ತು. ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಎಲ್ಲವೂ ಪ್ಯಾರಸಿಟಮಾಲೇ ಆಗಿದ್ದವು; ಆದರೆ ಅವುಗಳಲ್ಲಿ ಮೂರು ಬಗೆಯ ಅಳತೆಗಳಿದ್ದವು. ಚಮಚಗಳಲ್ಲಂತೂ ಒಂದಕ್ಕೊಂದು ಸರಿಹೊಂದುವ ಎರಡು ಚಮಚಗಳು ಸಿಗಲಿಲ್ಲ. ಅಪಾಯವಿರುವುದು ಇಲ್ಲಿಯೇ.

ಸಿಮೆಂಟಿನ ಚೀಲದ ಮೇಲಿನ ದರ್ಜೆಯನ್ನು ನೋಡದೆ ನಾವು ಕಾಮಗಾರಿಗೆ ಅನುಮೋದನೆ ನೀಡುವುದಿಲ್ಲ. ಔಷಧದ ಸೀಸೆಯ ಮೇಲೂ ಅಂತಹದೇ ಒಂದು ಸಾಲು ಇರುತ್ತದೆ. ಎಷ್ಟು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಔಷಧವಿದೆ ಎಂಬುದನ್ನು ಅದು ತಿಳಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಪ್ಯಾರಸಿಟಮಾಲ್ ದ್ರವಗಳು ಮೂರು:

ಅ) ಹನಿ ಔಷಧ (ಡ್ರಾಪ್ಸ್): 1 ಮಿ.ಲೀ.ಯಲ್ಲಿ 100 ಮಿ.ಗ್ರಾಂ.
ಆ) ಸಿರಪ್: 5 ಮಿ.ಲೀ.ಯಲ್ಲಿ 125 ಮಿ.ಗ್ರಾಂ, ಅಂದರೆ 1 ಮಿ.ಲೀ.ಯಲ್ಲಿ 25 ಮಿ.ಗ್ರಾಂ.
ಇ) ಹೆಚ್ಚು ಸಾಂದ್ರತೆಯ ಸಿರಪ್: 5 ಮಿ.ಲೀ.ಯಲ್ಲಿ 250 ಮಿ.ಗ್ರಾಂ, ಅಂದರೆ 1 ಮಿ.ಲೀ.ಯಲ್ಲಿ 50 ಮಿ.ಗ್ರಾಂ.

ಸಣ್ಣ ಸೀಸೆಯಲ್ಲಿ ಬರುವ ಹನಿ ಔಷಧವೇ ಎಲ್ಲಕ್ಕಿಂತ ಪ್ರಬಲವಾದುದು. ಸಾಮಾನ್ಯ ಸಿರಪ್‌ಗಿಂತ ನಾಲ್ಕು ಪಟ್ಟು. “ಸಣ್ಣ ಸೀಸೆ, ಸಣ್ಣ ಮಕ್ಕಳದ್ದು, ಸೌಮ್ಯವಾಗಿರುತ್ತದೆ” ಎಂಬ ಊಹೆ ತಪ್ಪು.

ಶಿಶುಗಳಿಗೆ ಒಂದು ಸಲದ ಪ್ರಮಾಣವನ್ನು ತೂಕದ ಆಧಾರದಲ್ಲಿ, ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಎಂದು ಲೆಕ್ಕ ಹಾಕಲಾಗುತ್ತದೆ. ಎರಡು ಸಲಗಳ ನಡುವೆ ಕನಿಷ್ಠ 6 ಗಂಟೆಗಳ ಅಂತರವಿರಬೇಕು. 24 ಗಂಟೆಗಳಲ್ಲಿ 4 ಸಲಕ್ಕಿಂತ ಹೆಚ್ಚು ಕೊಡುವಂತಿಲ್ಲ. ಈ ಲೆಕ್ಕದ ಪ್ರಕಾರ:

4 ಕೆ.ಜಿ. ಮಗುವಿಗೆ 40ರಿಂದ 60 ಮಿ.ಗ್ರಾಂ: ಹನಿ ಔಷಧವಾದರೆ 0.4ರಿಂದ 0.6 ಮಿ.ಲೀ.; 125ರ ಸಿರಪ್ ಆದರೆ 1.6ರಿಂದ 2.4 ಮಿ.ಲೀ.; 250ರ ಸಿರಪ್ ಆದರೆ 0.8ರಿಂದ 1.2 ಮಿ.ಲೀ.

5 ಕೆ.ಜಿ. ಮಗುವಿಗೆ 50ರಿಂದ 75 ಮಿ.ಗ್ರಾಂ: ಹನಿ ಔಷಧವಾದರೆ 0.5ರಿಂದ 0.75 ಮಿ.ಲೀ.; 125ರ ಸಿರಪ್ ಆದರೆ 2ರಿಂದ 3 ಮಿ.ಲೀ.; 250ರ ಸಿರಪ್ ಆದರೆ 1ರಿಂದ 1.5 ಮಿ.ಲೀ.

6 ಕೆ.ಜಿ. ಮಗುವಿಗೆ 60ರಿಂದ 90 ಮಿ.ಗ್ರಾಂ: ಹನಿ ಔಷಧವಾದರೆ 0.6ರಿಂದ 0.9 ಮಿ.ಲೀ.; 125ರ ಸಿರಪ್ ಆದರೆ 2.4ರಿಂದ 3.6 ಮಿ.ಲೀ.; 250ರ ಸಿರಪ್ ಆದರೆ 1.2ರಿಂದ 1.8 ಮಿ.ಲೀ.

ಈಗ ಒಂದು ಸಾಧ್ಯತೆಯನ್ನು ಪರಿಶೀಲಿಸೋಣ. 4 ಕೆ.ಜಿ. ತೂಕದ ಕೂಸಿಗೆ ಸಿರಪ್ಪಿನ ಲೆಕ್ಕದಲ್ಲಿ 2.4 ಮಿ.ಲೀ. ಕೊಡುವಂತೆ ಹೇಳಲಾಗಿದೆ, ಮನೆಯಲ್ಲಿರುವುದು ಹನಿ ಔಷಧ. ಅಷ್ಟೇ 2.4 ಮಿ.ಲೀ. ಕುಡಿಸಿದರೆ ಮಗುವಿಗೆ ಸೇರುವುದು 240 ಮಿ.ಗ್ರಾಂ. ಇಡೀ ದಿನದ ಗರಿಷ್ಠ ಪ್ರಮಾಣ ಒಂದೇ ಸಲಕ್ಕೆ ಒಳಗೆ ಹೋದಂತಾಯಿತು. ಆರು ಗಂಟೆಗಳ ನಂತರ ಮತ್ತೊಮ್ಮೆ ಹಾಗೆಯೇ ಕೊಟ್ಟರೆ ಮಿತಿ ಮೀರುತ್ತದೆ.

ಮಾತ್ರೆಯ ವಿಷಯವೂ ಹೀಗೆಯೇ. 500 ಮಿ.ಗ್ರಾಂ ಮಾತ್ರೆಯನ್ನು ಮುರಿದು “ಕಾಲು ಮಾತ್ರೆ ಪುಡಿ ಮಾಡಿ ಎದೆಹಾಲಿನಲ್ಲಿ ಕೊಡಿ” ಎಂಬ ಸಲಹೆ ರೂಢಿಯಲ್ಲಿದೆ. ಕಾಲು ಮಾತ್ರೆ ಎಂದರೆ 125 ಮಿ.ಗ್ರಾಂ. 4 ಕೆ.ಜಿ. ಮಗುವಿನ ಒಂದು ಸಲದ ಗರಿಷ್ಠ ಮಿತಿ 60 ಮಿ.ಗ್ರಾಂ, ಇದು ಅದರ ಎರಡು ಪಟ್ಟಿಗೂ ಮೀರುತ್ತದೆ. ಕೈಯಲ್ಲಿ ಮುರಿದ ಮಾತ್ರೆ ಸರಿಯಾಗಿ ಕಾಲು ಭಾಗವಾಗುವುದೂ ಇಲ್ಲ. ಎಳೆಯ ಶಿಶುಗಳಿಗೆ ದ್ರವರೂಪದ ಔಷಧವನ್ನೇ ಬಳಸುವುದು ಸೂಕ್ತ.

ಪ್ಯಾರಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಸುರಕ್ಷಿತವಾದ ಔಷಧ. ಮಿತಿಮೀರಿದಾಗ ಅದು ಯಕೃತ್ತನ್ನು ಘಾಸಿಗೊಳಿಸುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಮಗು ಆರಾಮವಾಗಿರುವಂತೆಯೇ ಕಾಣುವುದು ಇದರ ಮೋಸ. ಹೆಚ್ಚಾಗಿ ಕೊಟ್ಟಿರುವ ಅನುಮಾನ ಬಂದ ಕೂಡಲೇ, ಲಕ್ಷಣಗಳಿಗಾಗಿ ಕಾಯದೆ, ವಾಂತಿ ಮಾಡಿಸಲು ಪ್ರಯತ್ನಿಸದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರತ್ಯೌಷಧವಿದೆ, ಮೊದಲ 8 ಗಂಟೆಗಳೊಳಗೆ ಆರಂಭಿಸಿದರೆ ಅದು ಅತ್ಯಂತ ಪರಿಣಾಮಕಾರಿ.

ಅಳತೆಗೆ ಸೀಸೆಯೊಂದಿಗೆ ಬಂದ ಡ್ರಾಪರ್ ಅಥವಾ ಅಳತೆಯ ಮುಚ್ಚಳವನ್ನೇ, ಇಲ್ಲವೇ ಸೂಜಿಯಿಲ್ಲದ ಸಿರಿಂಜನ್ನು ಬಳಸಬೇಕು. ಒಂದು ಔಷಧದ ಡ್ರಾಪರನ್ನು ಇನ್ನೊಂದಕ್ಕೆ ಬಳಸಬಾರದು. ಅಡುಗೆಮನೆಯ ಚಮಚ ಬೇಡವೇ ಬೇಡ. ಕೊಡುವ ಮುನ್ನ ಸೀಸೆಯನ್ನು ಚೆನ್ನಾಗಿ ಅಲುಗಾಡಿಸಬೇಕು. ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು. ಕೊಟ್ಟ ವೇಳೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಏಕೆಂದರೆ ತಾಯಿ ಒಮ್ಮೆ, ಅಜ್ಜಿ ಒಮ್ಮೆ, ಹೀಗೆ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಕುಡಿಸುವ ಸಂಭವ ಇರುತ್ತದೆ.

ಇಷ್ಟನ್ನೂ ನೆನಪಿಡಲು ಮೂರು ಪ್ರಶ್ನೆಗಳು ಸಾಕು: ಮಗುವಿನ ತೂಕ ಎಷ್ಟು? ಸೀಸೆಯ ಮೇಲೆ ಎಷ್ಟು ಎಂದು ಬರೆದಿದೆ? ಕಡೆಯ ಸಲ ಕೊಟ್ಟದ್ದು ಯಾವಾಗ? ಈ ಮೂರಕ್ಕೂ ಉತ್ತರ ತಿಳಿಯದೆ ಯಾರೂ ಔಷಧ ಕುಡಿಸಬಾರದು, ಕುಡಿಸಲು ಸಲಹೆಯನ್ನೂ ನೀಡಬಾರದು.

6. ಯಾವುದನ್ನು ಕೊಡಬಾರದು?

ಆಸ್ಪಿರಿನ್: ಮಕ್ಕಳಲ್ಲಿ ಇದು ಮಿದುಳು ಮತ್ತು ಯಕೃತ್ತಿಗೆ ತೀವ್ರ ಹಾನಿ ಮಾಡುವ ರೇ ಸಿಂಡ್ರೋಮ್ ಎಂಬ ಕಾಯಿಲೆಗೆ ಕಾರಣವಾಗಬಲ್ಲದು.

ನಿಮೆಸುಲೈಡ್: 12 ವರ್ಷದೊಳಗಿನ ಮಕ್ಕಳಿಗೆ ಇದರ ಬಳಕೆಯನ್ನು ಕೇಂದ್ರ ಸರ್ಕಾರವು 2011ರಲ್ಲಿಯೇ ನಿಷೇಧಿಸಿದೆ. ದೊಡ್ಡವರಿಗೆಂದು ತಂದ ಮಾತ್ರೆಯ ಚೂರನ್ನು ಮಗುವಿಗೆ ಕೊಡುವುದು ಯಾವ ಕಾರಣಕ್ಕೂ ಸಲ್ಲದು.

ಐಬುಪ್ರೊಫೆನ್: ಎಳೆಯ ಶಿಶುಗಳಿಗೆ, ಅದರಲ್ಲೂ ಆರು ತಿಂಗಳೊಳಗಿನವರಿಗೆ, ವೈದ್ಯರ ಸೂಚನೆಯಿಲ್ಲದೆ ಕೊಡತಕ್ಕದ್ದಲ್ಲ. ಪ್ಯಾರಸಿಟಮಾಲ್ ಜೊತೆ ಬೆರೆಸಿದ ಸಿರಪ್ಪಿಗೂ ಇದೇ ಮಾತು ಅನ್ವಯಿಸುತ್ತದೆ.

ಶೀತ ಮತ್ತು ಕೆಮ್ಮಿನ ಸಿರಪ್: ಇವುಗಳಲ್ಲಿ ಕೆಲವದರಲ್ಲಿ ಪ್ಯಾರಸಿಟಮಾಲ್ ಕೂಡ ಸೇರಿರುತ್ತದೆ. ಜ್ವರಕ್ಕೆ ಒಂದು, ಶೀತಕ್ಕೆ ಒಂದು ಎಂದು ಎರಡೂ ಕುಡಿಸಿದರೆ ಒಂದೇ ಔಷಧ ಇಮ್ಮಡಿಯಾಗುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳು ಅಸುನೀಗಿದ ನಂತರ, ಎರಡು ವರ್ಷದೊಳಗಿನ ಮಕ್ಕಳಿಗೆ ಶೀತ-ಕೆಮ್ಮಿನ ಔಷಧಗಳನ್ನು ನೀಡಬಾರದೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿದೆ.

7. ಔಷಧ ಸಾಲದು, ಆಸ್ಪತ್ರೆಯೇ ಬೇಕು ಎನ್ನುವ ಲಕ್ಷಣಗಳು

ಕೆಳಗಿನವುಗಳಲ್ಲಿ ಒಂದೇ ಒಂದು ಕಂಡರೂ ಪ್ಯಾರಸಿಟಮಾಲ್ ಕೊಟ್ಟು ಕಾಯುತ್ತ ಕೂರುವಂತಿಲ್ಲ. 108ಕ್ಕೆ ಕರೆ ಮಾಡಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

• ಮಗು ಎದೆಹಾಲು ಕುಡಿಯದಿರುವುದು, ಅಥವಾ ಕುಡಿದುದನ್ನೆಲ್ಲ ಕಕ್ಕುವುದು.
• ಮಂಕಾಗಿರುವುದು, ಎಬ್ಬಿಸಿದರೂ ಏಳದಿರುವುದು, ಮೈ ಸೋತು ಜೋತುಬೀಳುವುದು, ಬಿಳಿಚಿಕೊಳ್ಳುವುದು ಅಥವಾ ನೀಲಿಯಾಗುವುದು.
• ಫಿಟ್ಸ್ ಬರುವುದು.
• ವೇಗವಾದ ಉಸಿರಾಟ, ಉಸಿರೆಳೆದಾಗ ಎದೆಯ ಕೆಳಭಾಗ ಒಳಸರಿಯುವುದು.
• ಮುಖ ಊದಿಕೊಳ್ಳುವುದು, ಮೈಮೇಲೆಲ್ಲ ದದ್ದು ಏಳುವುದು.
• ಯಾವ ರೀತಿ ಸಂತೈಸಿದರೂ ನಿಲ್ಲದೆ 3 ಗಂಟೆಗೂ ಮೀರಿ ಅಳುವುದು.
• 39 ಡಿಗ್ರಿ ಸೆಲ್ಸಿಯಸ್, ಅಂದರೆ 102.2 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಅಥವಾ 48 ಗಂಟೆಗಳ ನಂತರವೂ ಇಳಿಯದ ಜ್ವರ.
• ಚುಚ್ಚಿದ ಜಾಗದಲ್ಲಿ ಕೀವು ಕಟ್ಟುವುದು, ಬಾವು ದಿನೇ ದಿನೇ ಹೆಚ್ಚುವುದು.

ಇಂತಹ ಘಟನೆಗಳನ್ನು ಎ.ಎನ್.ಎಂ. ಅವರು ವೈದ್ಯಾಧಿಕಾರಿಗಳಿಗೂ, ವೈದ್ಯಾಧಿಕಾರಿಗಳು ಜಿಲ್ಲಾ ಆರ್.ಸಿ.ಎಚ್. ಅಧಿಕಾರಿಗಳಿಗೂ ವರದಿ ಮಾಡುವ ವ್ಯವಸ್ಥೆಯಿದೆ. ಕಾರಣ ಲಸಿಕೆಯೇ, ಬೇರೆ ಕಾಯಿಲೆಯೇ ಎಂಬುದನ್ನು ತನಿಖೆಯಿಂದ ನಿರ್ಧರಿಸಲಾಗುತ್ತದೆ. ವಿಷಯವನ್ನು ಮುಚ್ಚಿಡುವುದೂ ತಪ್ಪು, ತನಿಖೆಗೆ ಮುನ್ನ ಲಸಿಕೆಯ ಮೇಲೆ ಆರೋಪ ಹೊರಿಸಿ ಊರಲ್ಲಿ ಹಬ್ಬಿಸುವುದೂ ತಪ್ಪು.

8. ಸದಸ್ಯರು ಮಾಡಬಹುದಾದ ಕಾರ್ಯ

ಸಾರ್ವಜನಿಕ ಆರೋಗ್ಯವು ಗ್ರಾಮ ಪಂಚಾಯತಿಯ ಸೌಕರ್ಯಗಳ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಗ್ರಾಮ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯೂ ಇದೆ. ಈ ಎರಡರ ಮೂಲಕ ಕೆಳಕಂಡ ಕ್ರಮಗಳನ್ನು ಕೈಗೊಳ್ಳಲು ಕೋರಲಾಗಿದೆ.

ಅ) ತಮ್ಮ ವಾರ್ಡಿನ ಲಸಿಕಾ ದಿನದಂದು ಅರ್ಧ ಗಂಟೆಯಾದರೂ ಹಾಜರಿರುವುದು. ಪ್ರತಿ ತಾಯಿಗೆ ನಾಲ್ಕು ಮಾತುಗಳನ್ನು ಹೇಳಬೇಕೆಂಬುದು ಕಾರ್ಯಕ್ರಮದ ನಿಯಮ: ಇಂದು ಯಾವ ಲಸಿಕೆ ನೀಡಲಾಯಿತು, ಯಾವ ರೋಗಕ್ಕೆ, ಏನೇನು ಸಣ್ಣ ತೊಂದರೆ ಬರಬಹುದು, ಬಂದರೆ ಏನು ಮಾಡಬೇಕು, ಮುಂದಿನ ಲಸಿಕೆ ಯಾವಾಗ, ತಾಯಿ ಕಾರ್ಡನ್ನು ಜೋಪಾನವಾಗಿಟ್ಟು ಮರಳಿ ತರಬೇಕು. ಸರತಿ ಉದ್ದವಾದಾಗ ಎರಡನೆಯ ಮಾತು ಬಿಟ್ಟುಹೋಗುವ ಸಂಭವವಿದೆ. ಕಾರ್ಯಕರ್ತೆಯರನ್ನು ಆಕ್ಷೇಪಿಸದೆ, ಸರತಿಯನ್ನು ನಿಭಾಯಿಸಿ ಅವರಿಗೆ ಮಾತನಾಡಲು ಬಿಡುವು ಮಾಡಿಕೊಡುವುದು ಸದಸ್ಯರಿಂದ ಸಾಧ್ಯ.

ಆ) ಅಂಗನವಾಡಿಯ ತೂಕದ ಯಂತ್ರ ಸುಸ್ಥಿತಿಯಲ್ಲಿದೆಯೇ ಎಂದು ಪರಿಶೀಲಿಸುವುದು. ಮಗುವಿನ ಅಂದಿನ ತೂಕವನ್ನೂ, ಔಷಧ ಬೇಕಾದಲ್ಲಿ ಯಾವ ಸೀಸೆಯಿಂದ ಎಷ್ಟು ಮಿ.ಲೀ. ಎಂಬುದನ್ನೂ ಎ.ಎನ್.ಎಂ. ಅವರು ಚೀಟಿಯಲ್ಲಿ ಬರೆದುಕೊಡುವಂತೆ ಕೋರುವುದು. ಓದು ಬಾರದ ಮನೆಯವರಿಗೆ ಸಿರಿಂಜಿನ ಮೇಲೆ ಗೆರೆ ಎಳೆದು ತೋರಿಸಬಹುದು.

ಇ) ಸಮಿತಿಯ ಮುಕ್ತ ನಿಧಿಯ ನಿಯಮಗಳಿಗೆ ಒಳಪಟ್ಟು, ಡಿಜಿಟಲ್ ಥರ್ಮಾಮೀಟರ್, ಅಳತೆಯ ಸಿರಿಂಜ್ ಹಾಗೂ ಹಾಲುಣಿಸುವ ಪರದೆಯನ್ನು ಒದಗಿಸುವ ಬಗ್ಗೆ ಸಭೆಯಲ್ಲಿ ಚರ್ಚಿಸುವುದು.

ಈ) ಕೂಸಿನ ಮನೆಗಳ ಬಗ್ಗೆ ವಿಶೇಷ ಗಮನ ಹರಿಸುವುದು. 6 ತಿಂಗಳಿಂದ 3 ವರ್ಷದ ಮಕ್ಕಳು ಅಲ್ಲಿರುತ್ತಾರೆ. 9ನೇ ತಿಂಗಳ ಮತ್ತು ಒಂದೂವರೆ ವರ್ಷದ ಹೊತ್ತಿನ ಲಸಿಕೆಗಳು ಈ ವಯಸ್ಸಿನಲ್ಲಿಯೇ ಬರುತ್ತವೆ. ಬೆಳಿಗ್ಗೆ ಮನೆಯಲ್ಲಿ ಔಷಧ ಕುಡಿಸಿ ಬಿಟ್ಟುಹೋದ ಮಗುವಿಗೆ ಆರೈಕೆದಾರರು ಮತ್ತೆ ಕುಡಿಸಬಾರದು. ಲಸಿಕೆ ಪಡೆದ ದಿನಾಂಕ ಮತ್ತು ಔಷಧ ಕೊಟ್ಟ ವೇಳೆಯನ್ನು ಬರೆಯಲು ಹಾಜರಾತಿ ಪುಸ್ತಕದ ಪಕ್ಕದಲ್ಲಿ ಒಂದು ಪ್ರತ್ಯೇಕ ಪುಸ್ತಕವಿರಲಿ.

ಉ) ತಾಂಡಾ, ಹಟ್ಟಿ, ಇಟ್ಟಿಗೆ ಗೂಡು, ಕಬ್ಬು ಕಡಿಯುವ ತಂಡಗಳ ಬಿಡಾರ, ತೋಟದ ಮನೆಗಳಲ್ಲಿರುವ ಕುಟುಂಬಗಳಿಗೆ ರಾತ್ರಿ ಫೋನ್ ಮಾಡಲು ಆಶಾ ಕಾರ್ಯಕರ್ತೆಯರ ಸಂಖ್ಯೆ ದೊರೆತಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಲಸಿಕೆಯ ಮರುದಿನ ಆ ಮನೆಗಳಿಗೆ ಭೇಟಿ ನೀಡಲು ಆಶಾ ಅವರಿಗೆ ನೆರವಾಗುವುದು.

ಊ) ಮನೆಯ ಹಿರಿಯರೊಂದಿಗೆ ಮಾತನಾಡುವುದು. ಎಳೆಯ ತಾಯಿಗೆ ಎಲ್ಲ ತಿಳಿಸಿದರೂ ತೀರ್ಮಾನ ಕೈಗೊಳ್ಳುವವರು ಅತ್ತೆಯೋ, ಗಂಡನೋ ಆಗಿರುತ್ತಾರೆ. “ಅಜ್ಜಿ, ಜ್ವರ ಬಂದರೆ ಹೆದರಬೇಡಿ, ಎರಡು ದಿನದಲ್ಲಿ ಇಳಿಯುತ್ತದೆ, ಹಾಲು ಬಿಟ್ಟರೆ ಮಾತ್ರ ತಡಮಾಡದೆ ಕರೆದುಕೊಂಡು ಬನ್ನಿ” ಎಂಬಷ್ಟು ಮಾತನ್ನು ಮನೆಬಾಗಿಲಲ್ಲಿ ನಿಂತು ಹೇಳುವ ಮಹಿಳಾ ಸದಸ್ಯರ ಮಾತಿಗೆ ಭಿತ್ತಿಪತ್ರಕ್ಕಿಲ್ಲದ ತೂಕವಿದೆ.

ಋ) ಮೊದಲ ಲಸಿಕೆ ಪಡೆದು ಎರಡನೆಯದಕ್ಕೆ ಬಾರದ ಮಕ್ಕಳ ಪಟ್ಟಿಯನ್ನು ಎ.ಎನ್.ಎಂ. ಅವರಿಂದ ಪಡೆದು, ಕಾರಣವನ್ನು ಮನೆಯವರಿಂದಲೇ ಕೇಳಿ ತಿಳಿಯುವುದು. ಜ್ವರದ ಭಯವೇ ಕಾರಣವಾಗಿದ್ದಲ್ಲಿ ಮೇಲಿನ ವಿವರಣೆ ನೀಡಿ, ಮುಂದಿನ ಗುರುವಾರ ಅವರು ಬರುವಂತೆ ಮಾಡುವುದು. ತಡವಾಯಿತೆಂದು ಲಸಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸಬಹುದು ಎಂಬುದನ್ನೂ ತಿಳಿಸುವುದು.

ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ ಹೇಳಿ, 5ನೇ ಭಾಗದ ಅಳತೆಯ ಪಟ್ಟಿಯನ್ನು ವೈದ್ಯಾಧಿಕಾರಿಗಳ ಪರಿಶೀಲನೆಯ ನಂತರ ಅಂಗನವಾಡಿ, ಉಪಕೇಂದ್ರ ಮತ್ತು ಕೂಸಿನ ಮನೆಗಳಲ್ಲಿ ಕಾಣುವಂತೆ ಅಂಟಿಸಲು ವಿನಂತಿಸಲಾಗಿದೆ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ